ಎರಡು ತುಂಡು ಕಿಟಕಿ ಗಾಜು, ನಡುವೆ ತಾಮ್ರದ ರೇಕು

ಕಾರವಾರದಲ್ಲಿ ಕೂತು ಗಾಜಿನ ಕೆಲಸ ಕಲೀಬೇಕು ಅನ್ನೋರು ಮೊದ್ಲು ಗಾಜು ಕರಗಿಸಿ ಊದೋ ಕುಲುಮೆ ಆಸೆ ಬಿಟ್ಬಿಡಿ, ಅದು ಹಗಲೂ ರಾತ್ರಿ ಉರೀತಾನೇ ಇರ್ಬೇಕು, ಗ್ಯಾಸ್ ಖರ್ಚಿಗೇ ಮನೆ ಮಾರ್ಬೇಕಾಗುತ್ತೆ. ಎರಡು ಗಾಜು ಒಂದಕ್ಕೊಂದು ಬೆಸೆಯೋಕೆ ಟೆಂಪರೇಚರ್ ಕಂಟ್ರೋಲರ್ ಇರೋ ಒಂದು ಸಣ್ಣ ಕರೆಂಟ್ ಕಿಲ್ನ್, ಅಂದ್ರೆ ಮುಚ್ಚಿ ಸುಡೋ ಒಲೆ, ಸಾಕು. ಸ್ಟುಡಿಯೋ ಗ್ಲಾಸ್, ಅಂದ್ರೆ ಫ್ಯಾಕ್ಟರಿ ಬಿಟ್ಟು ಕಲಾವಿದರು ತಮ್ಮ ಸಣ್ಣ ಕಾರ್ಯಾಗಾರದಲ್ಲೇ ಮಾಡೋ ಗಾಜಿನ ಕೆಲಸ, ಹುಟ್ಟಿದ್ದೇ 1962ರಲ್ಲಿ ಅಮೆರಿಕದ ಟೊಲೀಡೋದಲ್ಲಿ, ಹಾರ್ವಿ ಲಿಟಲ್‌ಟನ್ ಹಾಕಿದ ಕುಲುಮೆಯಿಂದ ಅಂತ ಎಲ್ಲಾ ಕಡೆ ಬರೀತಾರೆ. ಅದಕ್ಕೂ ಎಷ್ಟೋ ಮುಂಚೆ ಷಿಕಾಗೋದಲ್ಲಿ ಫ್ರಾನ್ಸಿಸ್ ಮತ್ತು ಮೈಕಲ್ ಹಿಗಿನ್ಸ್ ದಂಪತಿ 1948ರಿಂದಲೇ ಕಿಲ್ನ್ ಒಳಗೆ ಗಾಜು ಬೆಸೆದು ತಟ್ಟೆ ಮಾಡ್ತಿದ್ರು, ಕ್ಲೀವ್‌ಲ್ಯಾಂಡಲ್ಲಿ ಎಡ್ರಿಸ್ ಎಕ್‌ಹಾರ್ಟ್ ಅನ್ನೋ ಸೆರಾಮಿಕ್ಸ್ ಕಲಾವಿದೆ 1953ರ ಹೊತ್ತಿಗೆ ಹಳೇ ರೋಮನ್ನರ ಥರ ಗಾಜಿನ ನಡುವೆ ಚಿನ್ನದ ರೇಕು ಕೂರಿಸೋ ಪ್ರಯೋಗಕ್ಕೆ ಕೈ ಹಾಕಿದ್ರು. ಊದೋದಾದ್ರೆ ಜನ ಸುತ್ತ ನಿಂತು ನೋಡ್ತಾರೆ, ಮುಚ್ಚಿದ ಕಿಲ್ನ್ ಮುಂದೆ ನಿಂತು ಏನ್ ನೋಡೋದು, ಅದಕ್ಕೇ ಇವರ ಹೆಸರು ಹಿಂದೆ ಬಿತ್ತು ಅಂತ ನನ್ ಲೆಕ್ಕ.

ನಮಗೆ ಚಿನ್ನ ಬೇಡ, ತಾಮ್ರದ ತೆಳು ರೇಕು ಸಾಕು.

ಗಾಜಿನ ಅಂಗಡಿಲಿ 3 ಎಂಎಂ ಪ್ಲೇನ್ ಗಾಜಿನ ಎರಡು ಕಟಿಂಗ್ ತುಂಡು ಕೇಳಿ. ಎರಡೂ ಒಂದೇ ಶೀಟಿನದ್ದೇ ಆಗಿರ್ಬೇಕು, ಯಾಕಂದ್ರೆ ಒಂದೊಂದು ಗಾಜು ಒಂದೊಂದು ಅಳತೆಗೆ ಹಿಗ್ಗುತ್ತೆ, ತಣಿಯುವಾಗ ಹಾಗೇ ಕುಗ್ಗಿ ಟಪ್ ಅಂತ ಸೀಳುತ್ತೆ. ಗಡಿಯ ಮಾಜಾಳಿ ದಾಟಿ ಬರೋ ಗೋವಾ ಬಾಟ್ಲಿ, ಬೀಚಲ್ಲಿ ಸಿಗೋ ಚೂರು ಎಲ್ಲಾ ಸೇರಿಸಿ ಕರಗಿಸೋ ಐಡಿಯಾ ಎಲ್ಲರಿಗೂ ಬರುತ್ತೆ, ಬೇಡವೇ ಬೇಡ. ಟಫನ್ಡ್, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ ಗಾಜೂ ಬೇಡ, ಕತ್ತರಿಸೋಕೆ ಹೋದ್ರೆ ಪುಡಿಪುಡಿ.

ಗಾಜು ತೊಳೆದು ಒರೆಸಿ, ಅಂಚು ಮಾತ್ರ ಹಿಡೀರಿ, ಬೆರಳಿನ ಜಿಡ್ಡು ಹಾಗೇ ಸುಟ್ಟು ಕೂತ್ಕೊಳ್ಳುತ್ತೆ. ಕಿಲ್ನ್ ಒಳಗೆ ಗಾಜು ಇಡೋ ಶೆಲ್ಫಿಗೆ ಕಿಲ್ನ್ ವಾಶ್ ಬಳೀರಿ, ಗಾಜು ಅಂಟದ ಹಾಗೆ ತಡೆಯೋ ಲೇಪ ಅದು, ನಮ್ಮ ಮಳೆಗಾಲದಲ್ಲಿ ಅದು ಒಣಗಿದ ಹಾಗೆ ಕಂಡ್ರೂ ಒಣಗಿರಲ್ಲ, ಕಿಲ್ನಲ್ಲೇ ಒಂದ್ಸಲ ಬಿಸಿ ಮಾಡ್ಕೊಳ್ಳಿ. ರೇಕನ್ನ ಅಂಚಿಂದ ಒಂದು ಸೆಂಟಿಮೀಟರ್ ಒಳಗಿಟ್ಟು ಮೇಲಿನ ಗಾಜು ಮುಚ್ಚಿ.

ಗಂಟೆಗೆ 100 ಡಿಗ್ರಿ ಸೆಲ್ಸಿಯಸ್ ಹಾಗೆ 550ರ ತನಕ ನಿಧಾನ, ಅಲ್ಲಿಂದ ಬೇಗ 820ರ ಹತ್ರ ಒಯ್ದು ಹತ್ತು ನಿಮಿಷ ಬಿಡಿ. ಚೂಪು ಅಂಚು ದುಂಡಗಾಗುತ್ತೆ, ತಾಮ್ರ ಒಮ್ಮೊಮ್ಮೆ ಕಡುಗೆಂಪು, ರೇಕು ತೀರಾ ತೆಳು ಇದ್ರೆ ನೀಲಿ-ಹಸಿರು. ಆಮೇಲೆ 550ಕ್ಕೆ ಇಳಿಸಿ ಒಂದು ಗಂಟೆ ಅಲ್ಲೇ ನಿಲ್ಸಿ, ಗಂಟೆಗೆ 50 ಹಾಗೆ 400ರ ತನಕ ಇಳಿಸಿ ಆಫ್ ಮಾಡಿ. ಅವಸರ ಪಟ್ಟರೆ ಒಳಗೆ ಬಿಗಿತ ಉಳಿದು ವಾರ ಬಿಟ್ಟು ಕಪಾಟಲ್ಲೇ ಒಡೆಯುತ್ತೆ.

ನಡುವೆ ಕರೆಂಟ್ ಹೋಯ್ತಾ? ಮುಚ್ಚಳ ಮುಟ್ಬೇಡಿ. ಪೂರ್ತಿ ತಣ್ಣಗಾದ್ರೂ ಗಾಜು ಸೀಳದೇ ಉಳಿದಿದ್ರೆ, ಕರೆಂಟ್ ಬಂದ ಮೇಲೆ ಮತ್ತೆ ನಿಧಾನಕ್ಕೆ 550ಕ್ಕೆ ಏರಿಸಿ ಅಲ್ಲಿಂದ ಮುಂದುವರಿಸಿ.