ಮುಖ ನೋಡಿ ಅಲ್ಲ, ಹೊಟ್ಟೆ ನೋಡಿ

ವಿಚಿತ್ರ ವಾಚು ಕೊಳ್ಳುವಾಗ ಎಲ್ಲರೂ ಮುಖ ನೋಡುತ್ತಾರೆ. ನಾನು ಹಿಂಬದಿ ಮುಚ್ಚಳ ತೆಗೆಸಿ ಹೊಟ್ಟೆ ನೋಡುತ್ತೇನೆ. ದಾವಣಗೆರೆಯಲ್ಲಿ ಕೂತವನಿಗೆ ಬೇರೆ ದಾರಿಯಿಲ್ಲ: ಎಚ್‌ಎಂಟಿ ಬಿಚ್ಚಿ ಜೋಡಿಸುವ ಕೈ ಮಂಡಿಪೇಟೆ ಕಡೆ ಸಿಕ್ಕೀತು, ಕಂಪಿಸುವ ಲೋಹದ ಕವಲಿನಿಂದ ಸಮಯ ಎಣಿಸುವ ಟ್ಯೂನಿಂಗ್ ಫೋರ್ಕ್ ವಾಚು ಮುಟ್ಟುವವರು ಬೆಂಗಳೂರಿನಲ್ಲೂ ಅಪರೂಪ. ಅದಕ್ಕೇ ನನ್ನ ಹನ್ನೆರಡು ಗುಳಿಯ ಪೆಟ್ಟಿಗೆಯಲ್ಲಿ ಏಳು ಸಾದಾ, ಐದು ವಿಚಿತ್ರ.

ಸಾದಾದಲ್ಲಿ ಎಚ್‌ಎಂಟಿ ಜನತಾ ನನ್ನ ಅಳತೆಗೋಲು. ಸವೆತ ತಡೆಯುವ 17 ಜ್ಯುಯೆಲ್ ಕಲ್ಲು, ಕೈಯಲ್ಲಿ ಕೀ ಕೊಡುವುದು, ಗಂಟೆಗೆ 18,000 ಬೀಟ್, ಅಂದರೆ ಸೆಕೆಂಡಿಗೆ ಐದು ಟಿಕ್. ಪೂರ್ತಿ ಕೀ ಕೊಟ್ಟು, ಟಿಕ್ ಸದ್ದು ಕೇಳಿ ಓಟ ಅಳೆಯುವ ಟೈಮ್‌ಗ್ರಾಫರ್ ಆ್ಯಪ್ ಹಾಕಿ, ಮೊಬೈಲ್ ಮೈಕಿಗೆ ತಾಗಿಸಿ, ಮುಖ ಮೇಲೆ, ಮುಖ ಕೆಳಗೆ, ಕ್ರೌನ್ (ಕೀ ಕೊಡುವ ತಿರುಗುಣಿ) ಕೆಳಗೆ ಹೀಗೆ ಐದೈದು ನಿಮಿಷ ಬಿಡುತ್ತೇನೆ. ದಿನಕ್ಕೆ 20 ಸೆಕೆಂಡಿನೊಳಗಿನ ಹಿಂದೆಮುಂದೆ, ಆಂಪ್ಲಿಟ್ಯೂಡ್, ಅಂದರೆ ಒಳಗಿನ ಬ್ಯಾಲೆನ್ಸ್ ಚಕ್ರ ತೂಗುವ ಕೋನ, 250 ಡಿಗ್ರಿ ಮೇಲೆ ಇದ್ದರೆ ಹಳೇ ವಾಚಿಗೆ ಧಾರಾಳವಾಯಿತು. 200ಕ್ಕಿಂತ ಇಳಿದರೆ ಬಹುಪಾಲು ಎಣ್ಣೆ ಒಣಗಿರುತ್ತದೆ. ಫಳಫಳ ಹೊಳೆಯುವ ಡಯಲ್ ಬಂದರೆ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಮಸೂರ ಹಿಡಿಯಿರಿ. ಅಕ್ಷರದ ಅಂಚು ಉಬ್ಬಿ ಕಲಸಿದ್ದರೆ ಅದು ಮರುಬಣ್ಣ, ಬೆಲೆ ಅರ್ಧಕ್ಕಿಳಿಸಿ ಮಾತಾಡಿ.

ಇನ್ನು 1970ರ ದಶಕದ ಜಂಪ್ ಅವರ್. ಮುಳ್ಳಿಲ್ಲ, ಕಿಟಕಿಯಲ್ಲಿ ಅಂಕಿ. ಅಗ್ಗದವುಗಳ ಹೊಟ್ಟೆಯಲ್ಲಿ ಒಂದೇ ಜ್ಯುಯೆಲ್ಲಿನ, ಕಲ್ಲಿನ ಬದಲು ಲೋಹದ ಪಿನ್ ಇಟ್ಟ ಪಿನ್ ಲಿವರ್ ಯಂತ್ರ. ಮುಳ್ಳಿಗಿಂತ ಅಂಕಿ ಬರೆದ ಡಿಸ್ಕ್ ಭಾರ. ಗಂಟೆಯ ಅಂಕಿಯನ್ನು ಹಾರಿಸುವ ಹೊತ್ತಿಗೆ ಸ್ಪ್ರಿಂಗಿನ ಹೊರೆ ಏರಿ, ಸವೆದ ಯಂತ್ರ 55ನೇ ನಿಮಿಷದ ಆಸುಪಾಸಿನಲ್ಲಿ ಉಸಿರುಗಟ್ಟಿ ನಿಲ್ಲುತ್ತದೆ. ಮಾರುವವರು ಕ್ರೌನ್ ತಿರುಗಿಸಿ 'ನೋಡಿ, ಹಾರ್ತದೆ' ಅಂತಾರೆ. ಆ ಬಲ ಬೆರಳಿನದು, ಯಂತ್ರದ್ದಲ್ಲ. 50 ನಿಮಿಷಕ್ಕಿಟ್ಟು, ಕಾಲು ಗಂಟೆ ಕಾದು, ತಾನಾಗಿ ಹಾರಿದರೆ ಮಾತ್ರ ದುಡ್ಡು ಎಣಿಸಿ.

1960ರ ಬುಲೋವಾ ಅಕ್ಯುಟ್ರಾನ್ ಸ್ಪೇಸ್‌ವ್ಯೂ ಬೇರೆಯೇ ಜಾತಿ. ಡಯಲ್ ಇಲ್ಲ, ಕಾಯಿಲ್ ಎದುರಿಗೇ ಕಾಣುತ್ತದೆ. ಫೋರ್ಕ್ ಸೆಕೆಂಡಿಗೆ 360 ಸಲ ಕಂಪಿಸುವುದರಿಂದ ಕಿವಿಗಿಟ್ಟರೆ ಟಿಕ್ ಅಲ್ಲ, ದುಂಬಿಯ ಗುಂಯ್. ಆ ಕಂಪನ ತಳ್ಳಿ ತಿರುಗಿಸುವ ಇಂಡೆಕ್ಸ್ ಚಕ್ರ ಬರೀ 2.4 ಮಿ.ಮೀ., ಹಲ್ಲು 300. ಇಕ್ಕಳ ತಾಗಿಸಿದಿರೋ, ಕತೆ ಮುಗಿಯಿತು. ಮೂಲದಲ್ಲಿ ಹಾಕುತ್ತಿದ್ದುದು 1.35 ವೋಲ್ಟಿನ ಪಾದರಸದ ಸೆಲ್, ಈಗ ಸಿಗುವ ಸಿಲ್ವರ್ ಆಕ್ಸೈಡ್ 1.55 ವೋಲ್ಟ್. ಹೆಚ್ಚಿನ ವೋಲ್ಟಿಗೆ ಫೋರ್ಕ್ ಅಗಲವಾಗಿ ಬೀಸಿ ಒಂದೇಟಿಗೆ ಎರಡು ಹಲ್ಲು ದಾಟಿಸಬಹುದು, ಆಗ ವಾಚು ಓಟ ಕೀಳುತ್ತದೆ. ಚಕ್ರದ ಹಲ್ಲನ್ನು ತಳ್ಳಿ ಹಿಡಿಯುವ ಪಾಲ್ ಬೆರಳುಗಳನ್ನು ಹೊಸ ವೋಲ್ಟಿಗೆ ಹೊಂದಿಸಿಕೊಂಡ ವಾಚನ್ನೇ ಕೊಳ್ಳಿ, ಇಲ್ಲವೇ ವೋಲ್ಟ್ ಇಳಿಸುವ ಡಯೋಡ್ ಹಾಕಿಸಿ.

ಸಾದಾ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಾಲ್ಕೈದು ನಿಮಿಷ ಮುಂದೋಡಿದರೆ ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಸಣ್ಣ ಸುರುಳಿ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತದ ಗುಣ ಹಿಡಿದಿರಬಹುದು. ಮೊಬೈಲ್ ಸ್ಪೀಕರ್, ಪರ್ಸಿನ ಅಯಸ್ಕಾಂತದ ಗುಂಡಿ, ಎಲ್ಲವೂ ಕಾರಣ. ಆ ಗುಣ ಕಳೆಯುವ ಡಿಮ್ಯಾಗ್ನೆಟೈಸರ್ ಸಾಧನದ ಗುಂಡಿ ಒತ್ತಿ ಹಿಡಿದು, ವಾಚನ್ನು ನಿಧಾನಕ್ಕೆ ಒಂದಡಿ ದೂರ ಎಳೆದ ಮೇಲೆ ಗುಂಡಿ ಬಿಡಿ. ಹತ್ತಿರವಿರುವಾಗಲೇ ಬಿಟ್ಟರೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಇದೇ ಉಪಚಾರ ಅಕ್ಯುಟ್ರಾನಿಗೆ ಮಾಡಿದರೆ ಕೊಂದಂತೆ, ಫೋರ್ಕಿನ ತುದಿಯಲ್ಲೇ ಅಯಸ್ಕಾಂತವಿದೆ. ಕ್ವಾರ್ಟ್ಜಿನದೂ ಹಾಗೆಯೇ, ಮೋಟರಿನ ರೋಟರ್ ಅಯಸ್ಕಾಂತದ್ದು, 3.5 ಮಿ.ಮೀ. ದಪ್ಪದ ಟೈಟನ್ ಎಡ್ಜ್ ಕೂಡ ಇದಕ್ಕೆ ಹೊರತಲ್ಲ. ಅಂದ ಹಾಗೆ, ವಿಚಿತ್ರವೆಂದರೆ ವಿದೇಶಿಯೇ ಆಗಬೇಕಿಲ್ಲ ಅನ್ನುವುದಕ್ಕೆ ಈ ಎಡ್ಜನ್ನೂ ಐದರಲ್ಲಿ ಸೇರಿಸಿದ್ದೇನೆ.

ನಮ್ಮೂರಿನ ಬೇಸಿಗೆಯ ದೂಳಿಗೆ ಬಿಗಿ ಮುಚ್ಚಳದ ಡಬ್ಬಿ ಸಾಕು. ಕಷ್ಟ ಇರುವುದು ಮಳೆಗಾಲದಲ್ಲಿ, ತೊಗಲಿನ ಪಟ್ಟಿಗೆ ಬೂಸ್ಟು ಹಿಡಿಯುತ್ತದೆ. ಪಟ್ಟಿ ಬಿಚ್ಚಿ ಬೇರೆ ಇಡಿ, ಡಬ್ಬಿಗೆ 5 ಗ್ರಾಮಿನ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ತಿರುಗಿದ ಕೂಡಲೇ ಬದಲಿಸಿ. ತಿಂಗಳುಗಟ್ಟಲೆ ಕಟ್ಟದ, ಅಂಕಿ ಬೆಳಗುವ ಎಲ್‌ಇಡಿ ವಾಚಿನಿಂದ ಸೆಲ್ ತೆಗೆದಿಡಿ. ಸೋರಿ ಬಿಳಿಹಸಿರು ಪುಡಿ ಕೂತಿದ್ದರೆ ಹತ್ತಿಯ ಕಡ್ಡಿಗೆ ಒಂದು ಹನಿ ವಿನೆಗರ್, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್; ಸರ್ಕ್ಯೂಟಿನ ಕಡೆ ಹರಿಯದಂತೆ ವಾಚನ್ನು ಓರೆಯಾಗಿ ಹಿಡಿದುಕೊಳ್ಳಿ.