ಹೊಸ ಮೇಷ್ಟ್ರುಗಳೆಲ್ಲ ಒಂದು ಗಂಟೆ ಕೂತರೆ

ಎಂ.ಎ. ಅರ್ಥಶಾಸ್ತ್ರಕ್ಕೆ ಪಾಠ ಶುರು ಮಾಡಿದ ಮೊದಲ ಸೆಮಿಸ್ಟರಿನಲ್ಲಿ ನನ್ನನ್ನು ಹಾಜರಾತಿ ಕೇಳಿದರು, ಇಂಟರ್ನಲ್ ಅಂಕ ಕೇಳಿದರು. ಪಾಠ ಹೇಗೆ ಆಗ್ತಿದೆ ಅಂತ ಯಾರೂ ಕೇಳಲಿಲ್ಲ. ಮರುವರ್ಷ ನಾವು ಐದು ಜನ ಹೊಸ ಮೇಷ್ಟ್ರುಗಳು ಸೇರಿ, ಪಾಠದ ತೊಂದರೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳೋಕೆ ಒಂದು ಗುಂಪು ಕಟ್ಟಿಕೊಂಡೆವು. ನೀವೂ ಕಟ್ಟಿಕೊಳ್ಳಿ.

ನಾಲ್ಕರಿಂದ ಆರು ಮಂದಿ ಸಾಕು. ಬೇರೆ ಬೇರೆ ವಿಭಾಗದವರಾದರೆ ಒಳ್ಳೆಯದು, ಮಾತು ಸಿಲಬಸ್ ಕಡೆ ಜಾರುವುದಿಲ್ಲ. ವಿಭಾಗದ ಮುಖ್ಯಸ್ಥರನ್ನು ಕರೆಯಬೇಡಿ. ಅವರು ಎಷ್ಟೇ ಒಳ್ಳೆಯವರಿರಲಿ, ಅವರ ಎದುರು "ನನ್ನ ಕ್ಲಾಸು ಕೈ ತಪ್ಪಿದೆ" ಅಂತ ಹೇಳೋದು ಕಷ್ಟ ಅಲ್ವಾ? ಅತಿಥಿ ಉಪನ್ಯಾಸಕರನ್ನೂ ಖಂಡಿತ ಸೇರಿಸಿಕೊಳ್ಳಿ. ಎರಡು ಕಡೆ ಓಡಾಡುವವರಿರುತ್ತಾರೆ, ಅವರ ಬಸ್ಸಿನ ಸಮಯ ಕೇಳಿಯೇ ದಿನ ಗೊತ್ತು ಮಾಡಿ. ಯುಜಿಸಿಯ 2018ರ ನಿಯಮದಲ್ಲೇ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠವಿದೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ, ಒಂದೇ ಗಂಟೆ. ಜಾಸ್ತಿ ಎಳೆದರೆ ಜನ ಬರುವುದಿಲ್ಲ.

ಪ್ರತಿ ಸಲ ಒಬ್ಬರು, ಒಂದು ತರಗತಿ, ಒಂದು ತೊಂದರೆ. "ಹುಡುಗರು ಓದಲ್ಲ" ಅನ್ನುವುದು ನಡೆಯುವುದಿಲ್ಲ. "ಮಂಗಳವಾರ ಎರಡನೇ ಪೀರಿಯಡ್‌ನಲ್ಲಿ ಹೀಗಾಯ್ತು" ಅಂತ ಹೇಳಬೇಕು. ಮೊದಲ ಹತ್ತು ನಿಮಿಷ ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು, ಸಲಹೆ ಕೊಡಬಾರದು. ಬಾಯಿ ಕಟ್ಟಿಕೊಳ್ಳುವುದು ನಮಗೆ ತುಂಬ ಕಷ್ಟವಾಯಿತು. ಆದರೆ ಗುಂಪು ಉಳಿದದ್ದು ಈ ಒಂದು ನಿಯಮದಿಂದ.

ಆಮೇಲೆ ಒಬ್ಬರು ಆ ತರಗತಿಯ ಹಿಂದಿನ ಬೆಂಚಿನಲ್ಲಿ ಹೋಗಿ ಕೂರಬೇಕು. ಮೇಷ್ಟ್ರನ್ನು ನೋಡಬಾರದು, ವಿದ್ಯಾರ್ಥಿಗಳು ಏನು ಮಾಡಿದರು ಅನ್ನುವುದನ್ನಷ್ಟೇ ಬರೆಯಬೇಕು. ನನ್ನ ಬೇಡಿಕೆಯ ಸ್ಥಿತಿಸ್ಥಾಪಕತ್ವದ (ಬೆಲೆ ಬದಲಾದರೆ ಜನ ಕೊಳ್ಳುವುದು ಎಷ್ಟು ಬದಲಾಗುತ್ತದೆ ಅನ್ನುವುದರ) ಪಾಠಕ್ಕೆ ಸಸ್ಯಶಾಸ್ತ್ರದ ಗೆಳತಿ ಬಂದಿದ್ದಳು. ಅವಳ ಹಾಳೆಯಲ್ಲಿ ಹೀಗಿತ್ತು: "'ಅರ್ಥ ಆಯ್ತಾ' 14 ಸಲ. ಪ್ರತಿ ಸಲ ತಲೆ ಆಡಿಸಿದ್ದು ಮುಂದಿನ ಬೆಂಚಿನ ಅದೇ ಇಬ್ಬರು. 11:20ಕ್ಕೆ ಎಡಸಾಲಿನ ಪೆನ್ನುಗಳೆಲ್ಲ ನಿಂತವು."

11:20ಕ್ಕೆ ನಾನು ಕನ್ನಡ ಬಿಟ್ಟು ಇಂಗ್ಲಿಷಿಗೆ ಹೊರಳಿದ್ದೆ. ಎಡಸಾಲಿನವರೆಲ್ಲ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು.

ಮುಂದಿನ ಪಾಠದಲ್ಲಿ "ಅರ್ಥ ಆಯ್ತಾ" ಬಿಟ್ಟೆ. ಉಪ್ಪಿನ ಬೆಲೆ ಎರಡು ಪಟ್ಟಾದರೆ ಮನೆಗೆ ಎಷ್ಟು ಕಡಿಮೆ ತರ್ತೀರಿ, ಹೋಟೆಲ್ ದೋಸೆಯ ಬೆಲೆ ಎರಡು ಪಟ್ಟಾದರೆ? ಚೀಟಿಯಲ್ಲಿ ಬರೆಯಿರಿ ಎಂದೆ. ಎಡಸಾಲಿನಿಂದ ಎಲ್ಲ ಚೀಟಿಗಳೂ ಬಂದವು.

ಬರೆದ ಹಾಳೆ ಪಾಠ ಮಾಡಿದವರ ಕೈಗೇ ಸೇರಬೇಕು. ಫೋಟೊ ತೆಗೆಯುವಂತಿಲ್ಲ, ವಾಟ್ಸಾಪ್‌ಗೆ ಹಾಕುವಂತಿಲ್ಲ. ನನ್ನದು ಈಗಲೂ ಹಾಜರಾತಿ ಪುಸ್ತಕದೊಳಗಿದೆ.