ಶನಿವಾರದ ರೇಸಿಗೆ ಶುಕ್ರವಾರ ರಾತ್ರಿನೇ ಕೂತ್ಕೊಳ್ಳಿ

ಬೆಂಗಳೂರು ರೇಸ್‌ಕೋರ್ಸ್‌ನಲ್ಲಿ ಇಷ್ಟು ವರ್ಷದಿಂದ ನಾನು ನೋಡ್ತಿರೋದು ಒಂದೇ ಸೀನು. ರೇಸ್ ಶುರುವಾಗೋಕೆ ಎಂಟು ನಿಮಿಷ ಇದೆ ಅನ್ನೋವಾಗ ಒಬ್ಬ ರೇಸ್ ಬುಕ್ (ಅವತ್ತಿನ ರೇಸುಗಳು, ಕುದುರೆಗಳ ಹಳೇ ಓಟದ ವಿವರ ಇರೋ ಪುಸ್ತಕ) ತಗೊಂಡು ಓಡ್ಕೊಂಡು ಬರ್ತಾನೆ, ನಾಲ್ಕು ಪೇಜ್ ತಿರುವ್ತಾನೆ, ಏನೂ ಅರ್ಥ ಆಗಲ್ಲ, ಪಕ್ಕದವ್ರನ್ನ "ಸಾರ್, ಇದ್ರಲ್ಲಿ ಯಾವ್ದು ಸಾರ್?" ಅಂತಾನೆ. ಪಕ್ಕದವ್ರಿಗೆ ಅದು ಗೊತ್ತಿದ್ದಿದ್ರೆ ಅವ್ರ್ಯಾಕೆ ಸ್ವಾಮಿ ಬಸ್ ಪಾಸ್ ಜೇಬಲ್ಲಿಟ್ಕೊಂಡು ಇಲ್ಲಿ ಬಂದು ಕೂರ್ತಿದ್ರು? ಸುಪ್ರೀಂ ಕೋರ್ಟ್ 1996ರಲ್ಲೇ ಕುದುರೆ ರೇಸು ಕೌಶಲದ ಆಟ ಅಂತ ತೀರ್ಪು ಕೊಟ್ಟಿದೆ. ಆದ್ರೆ ಆ ಕೌಶಲ ತೋರಿಸ್ಬೇಕಾಗಿರೋದು ಹಿಂದಿನ ರಾತ್ರಿ ಮನೇಲಿ ಊಟ ಆದ್ಮೇಲೆ, ಟೋಟ್ ಅಂತಾರಲ್ಲ, ಆ ದುಡ್ಡು ಕಟ್ಟೋ ಕಿಟಕಿ ಮುಂದೆ ನಿಂತ್ಕೊಂಡು ಏನೂ ಆಗಲ್ಲ.

ಬೇಕಾಗಿರೋದು ಒಂದು ರೇಸ್ ಬುಕ್, ಎರಡು ಬಣ್ಣದ ಪೆನ್ಸಿಲ್, ಎರಡು ಗಂಟೆ ಟೈಮು. ಪೆನ್ ಬೇಡ, ಬೆಳಗ್ಗೆ ಕುದುರೆ ವಿತ್‌ಡ್ರಾ ಆದ್ರೆ ಅಳಿಸೋಕಾಗಲ್ಲ. ಬುಕ್ಕನ್ನ ಮೊಬೈಲಲ್ಲಿ ನೋಡೋರೂ ಇದಾರೆ, ನಂಗೆ ಅದು ಆಗಿಬರಲ್ಲ, ಎರಡು ಕುದುರೆ ಹಳೇ ರೇಸ್ ಅಕ್ಕಪಕ್ಕ ಇಟ್ಟು ನೋಡ್ಬೇಕು ಅಂದ್ರೆ ಕಾಗದಾನೇ ಬೇಕು.

ಮೊದಲು ಅರ್ಧ ಕಾರ್ಡ್ ಹೊಡೆದುಹಾಕಿ

ಒಂದು ದಿನದ ಕಾರ್ಡಲ್ಲಿ, ಅಂದ್ರೆ ಅವತ್ತಿನ ರೇಸ್ ಪಟ್ಟೀಲಿ, ಏಳೆಂಟು ರೇಸ್ ಇರುತ್ತೆ. ಎಂಟಕ್ಕೆ ಎಂಟೂ ಆಡ್ತೀನಿ ಅನ್ನೋನು ಬುಕ್ಕಿ ಮಕ್ಕಳ ಸ್ಕೂಲ್ ಫೀಸ್ ಕಟ್ತಾ ಇದಾನೆ ಅಂತ ಅರ್ಥ. ಎಳೇ ಕುದುರೆಗಳ ಟರ್ಮ್ಸ್ ರೇಸ್ (ವಯಸ್ಸು, ಹಿಂದಿನ ಗೆಲುವು ಅಂತ ಷರತ್ತು ಹಾಕಿ ತೂಕ ಕೊಡೋ ರೇಸ್), ಅದ್ರಲ್ಲಿ ಅರ್ಧಕ್ಕರ್ಧ ಮೊದಲನೇ ಸಲ ಓಡ್ತಿರೋವು ಅಂದ್ರೆ ಬಿಟ್ಬಿಡಿ, ಅಲ್ಲಿ ನೋಡೋಕೆ ಅಪ್ಪ ಅಮ್ಮ ಬಿಟ್ರೆ ಬೇರೆ ಫಾರ್ಮೇ, ಅಂದ್ರೆ ಹಳೇ ಓಟದ ದಾಖಲೆನೇ, ಇರಲ್ಲ. ತೀರಾ ಕೆಳಗಿನ ಕ್ಲಾಸ್‌ನಲ್ಲಿ ಹನ್ನೆರಡು ಹದಿಮೂರು ಕುದುರೆ ನಿಂತಿದ್ರೆ ಅದೂ ಬೇಡ, ಅವು ಒಂದಿನ ಓಡ್ತವೆ, ಹತ್ತು ದಿನ ಮಲಗ್ತವೆ. ಮೂರು, ಹೆಚ್ಚಂದ್ರೆ ನಾಲ್ಕು ರೇಸ್ ಉಳಿಸ್ಕೊಳ್ಳಿ.

ಎಲ್ಲರೂ ಎಡವೋದು ಇಲ್ಲಿ: ಕ್ಲಾಸು, ರೇಟಿಂಗು, ತೂಕ

ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ನಾನು ನೋಡಿರೋ ಹತ್ತರಲ್ಲಿ ಒಂಬತ್ತು ಜನ ಕುದುರೆ ಹೆಸರಿನ ಮುಂದೆ ಇರೋ 1, 2, 3 ಅನ್ನೋ ಹಳೇ ಪೊಸಿಷನ್ ಅಷ್ಟೇ ನೋಡ್ತಾರೆ. ಕಳೆದ ಸಲ ಒಂದನೇದು ಬಂದಿದೆ, ಹಾಕು ದುಡ್ಡು. ಆರನೇದು ಬಂದಿದೆ, ಬೇಡ ಬಿಡು. ಆ ನಂಬರ್ ಒಂದೇ ನೋಡಿದ್ರೆ ಏನೂ ಪ್ರಯೋಜನ ಇಲ್ಲ. ಯಾವ ಕ್ಲಾಸಲ್ಲಿ, ಎಷ್ಟು ತೂಕ ಹೊತ್ಕೊಂಡು, ಎಷ್ಟು ಅಂತರದಲ್ಲಿ ಬಂತು ಅನ್ನೋದು ಬೇಕು.

ಹ್ಯಾಂಡಿಕ್ಯಾಪ್ ರೇಸ್ ಅಂದ್ರೆ ಚೆನ್ನಾಗಿ ಓಡೋ ಕುದುರೆ ಬೆನ್ನ ಮೇಲೆ ಜಾಸ್ತಿ ಭಾರ, ಸುಮಾರಾಗಿ ಓಡೋದಕ್ಕೆ ಕಮ್ಮಿ ಭಾರ ಹೊರಿಸಿ ಎಲ್ಲಾ ಒಟ್ಟಿಗೆ ಗೆರೆ ಮುಟ್ಟೋ ಹಾಗೆ ಮಾಡೋ ಪ್ರಯತ್ನ. ಪ್ರತಿ ಕುದುರೆಗೂ ಹ್ಯಾಂಡಿಕ್ಯಾಪರ್ ಒಂದು ರೇಟಿಂಗ್ ಕೊಟ್ಟಿರ್ತಾನೆ, ಆ ರೇಟಿಂಗ್‌ನ 1 ಪಾಯಿಂಟ್ ಅಂದ್ರೆ ಬೆನ್ನ ಮೇಲೆ ಅರ್ಧ ಕೆಜಿ. ಕಾರ್ಡಲ್ಲಿ "20 ರಿಂದ 45" ಅಂತ ಇದ್ರೆ ಆ ರೇಟಿಂಗ್ ಒಳಗಿರೋವು ಓಡ್ತವೆ ಅಂತ, ಅದೇ ಆ ರೇಸಿನ ಕ್ಲಾಸು. ಗೆದ್ರೆ ರೇಟಿಂಗ್ ಮೇಲಕ್ಕೆ ಹೋಗುತ್ತೆ, ಸೋಲ್ತಾನೇ ಇದ್ರೆ ಮೆಲ್ಲಗೆ ಇಳಿಯುತ್ತೆ.

ಈಗ ಒಂದು ಲೆಕ್ಕ ಹಾಕೋಣ. ಕಂದು ಕುದುರೆ ಒಂದು, ಕಪ್ಪು ಕುದುರೆ ಒಂದು. ಕಳೆದ ತಿಂಗಳು 1200 ಮೀಟರ್‌ನಲ್ಲಿ ಕಂದು ರೇಟಿಂಗ್ 36, ಕಪ್ಪು ರೇಟಿಂಗ್ 30, ಆರು ಪಾಯಿಂಟ್ ವ್ಯತ್ಯಾಸ, ಅಂದ್ರೆ ಕಂದು ಮೂರು ಕೆಜಿ ಜಾಸ್ತಿ ಹೊತ್ತು ಓಡಿ ಎರಡು ಲೆಂತ್‌ನಲ್ಲಿ ಕಪ್ಪನ್ನ ಸೋಲಿಸ್ತು (ಒಂದು ಲೆಂತ್ ಅಂದ್ರೆ ಒಂದು ಕುದುರೆ ಉದ್ದ). ಹ್ಯಾಂಡಿಕ್ಯಾಪರ್ ಕಂದಿಗೆ ಆರು ಪಾಯಿಂಟ್ ಏರಿಸಿ 42 ಮಾಡ್ದ. ಈ ಶನಿವಾರ ಅದೇ 1200ರಲ್ಲಿ ಅವೆರಡೂ ಮತ್ತೆ ಎದುರಾಗ್ತಿವೆ. ಈಗ ವ್ಯತ್ಯಾಸ ಹನ್ನೆರಡು ಪಾಯಿಂಟ್, ಆರು ಕೆಜಿ. ಮೊದಲಿಗಿಂತ ಮೂರು ಕೆಜಿ ಕಪ್ಪಿನ ಕಡೆ ವಾಲಿದೆ. ನಾನು ಹಾಕೋ ಲೆಕ್ಕ ಏನಂದ್ರೆ 1200ರಲ್ಲಿ ಸುಮಾರು ಒಂದೂವರೆ ಕೆಜಿಗೆ ಒಂದು ಲೆಂತ್, ದೂರ ಜಾಸ್ತಿ ಆದಂಗೆ ಇನ್ನೂ ಕಮ್ಮಿ ತೂಕಕ್ಕೇ ಒಂದು ಲೆಂತ್ ಹೋಗುತ್ತೆ. ಅಂದ್ರೆ ಆ ಎರಡು ಲೆಂತ್ ಅಲ್ಲಿಗೆ ವಜಾ, ಇಬ್ರೂ ಸಮ. ಜೊತೆಗೆ ಕಪ್ಪಿನ ಮೇಲೆ ಅಪ್ರೆಂಟಿಸ್ ಹುಡುಗ, ಅಂದ್ರೆ ಇನ್ನೂ ಕಲೀತಿರೋ ಜಾಕಿ, ಕೂತಿದ್ರೆ ಅವನಿಗೆ ಸಿಗೋ ತೂಕದ ವಿನಾಯಿತಿ ಬೇರೆ ಸೇರಿ ಇನ್ನೂ ಹಗುರ. ಆದ್ರೆ ಸ್ಟ್ಯಾಂಡಲ್ಲಿರೋ ಜನ ಏನ್ ಮಾಡ್ತಾರೆ? "ಕಂದು ಕಪ್ಪನ್ನ ಹೊಡೆದಿದೆಯಲ್ಲಪ್ಪಾ" ಅಂತ ಕಂದಿನ ಮೇಲೇ ಮುಗಿಬೀಳ್ತಾರೆ.

ಆದ್ರೆ ಇಲ್ಲೂ ಒಂದು ಕೊಕ್ಕೆ ಇದೆ. ಆ ಎರಡು ಲೆಂತ್ ಕಂದು ಹೆಂಗೆ ಗೆದ್ದಿದ್ದು? ಜಾಕಿ ಚಾಟಿ ಬೀಸಿ ಬೀಸಿ ತಂದಿದ್ದಾ, ಇಲ್ಲ ಕೊನೇ ನೂರು ಮೀಟರ್ ಕೈ ಕಟ್ಕೊಂಡು ಕೂತು ಬಂದಿದ್ದಾ? ಎರಡನೇದಾದ್ರೆ ಆರು ಪಾಯಿಂಟ್ ಅದಕ್ಕೆ ಏನೇನೂ ಸಾಲಲ್ಲ, ಮತ್ತೆ ಗೆಲ್ಲುತ್ತೆ. ಇದು ಬುಕ್ಕಲ್ಲಿ ಬರೆದಿರಲ್ಲ, ರೇಸ್ ವಿಡಿಯೋ ನೋಡ್ಬೇಕು, ಅದಕ್ಕೇ ಎರಡು ಗಂಟೆ ಅಂದಿದ್ದು. ವಿಡಿಯೋದಲ್ಲಿ ಗೆದ್ದಿದ್ದನ್ನ ಒಂದು ಸಲ ನೋಡಿ, ನಾಲ್ಕನೇದು ಐದನೇದು ಬಂದಿದ್ದನ್ನ ಮೂರು ಸಲ ನೋಡಿ. ಗೇಟಿಂದ ಲೇಟಾಗಿ ಹೊರಟಿದ್ದು, ತಿರುವಿನಲ್ಲಿ ಹೊರಗಡೆ ಸುತ್ತು ಹೊಡೆದಿದ್ದು, ಸ್ಟ್ರೈಟ್‌ನಲ್ಲಿ ಮುಂದೆ ಗೋಡೆ ತರ ನಿಂತಿದ್ರಿಂದ ಜಾಗ ಸಿಗದೆ ಜಾಕಿ ಹಗ್ಗ ಎಳ್ಕೊಂಡು ಕೂತಿದ್ದು, ಇದೆಲ್ಲಾ ಪೆನ್ಸಿಲಲ್ಲಿ ಪಕ್ಕಕ್ಕೆ ಬರ್ಕೊಳ್ಳಿ.

ಇನ್ನೊಂದು ಗುಂಡಿ ಇದೆ, ಅದ್ರಲ್ಲಿ ನಾನೂ ಬಹಳ ಸಲ ಬಿದ್ದಿದ್ದೀನಿ. ಕಂದು ಆರರ ಬದಲು ಹನ್ನೊಂದು ಪಾಯಿಂಟ್ ಏರಿ 47 ಆಯ್ತು ಅಂತಿಟ್ಕೊಳ್ಳಿ, 20-45ರಲ್ಲಿ ಜಾಗ ಇಲ್ಲ, ಮೇಲಿನ 40-65ಕ್ಕೆ ಹೋಗ್ಬೇಕು. ಅಲ್ಲಿ 65 ರೇಟಿಂಗ್‌ನವನು 62 ಕೆಜಿ ಹೊತ್ರೆ ಇದಕ್ಕೆ ಬರೋದು 53 ಕೆಜಿ. ನೋಡೋರಿಗೆ ಬಾಯಲ್ಲಿ ನೀರೂರುತ್ತೆ, ಕಳೆದ ರೇಸ್ ಗೆದ್ದ ಕುದುರೆ, ಬೆನ್ನ ಮೇಲೆ ಹತ್ತಿಯಷ್ಟು ಭಾರ! ಆದ್ರೆ ಪಕ್ಕದಲ್ಲಿ ಓಡೋವು ಈಗ ಬೇರೆಯವು, ಮೊದಲ 600 ಮೀಟರೇ ಇದು ಹಿಂದೆಂದೂ ನೋಡಿರದ ಸ್ಪೀಡಲ್ಲಿ ಹೋಗುತ್ತೆ, ತಿರುವಿಗೆ ಬರೋಷ್ಟರಲ್ಲಿ ಇದರ ಉಸಿರು ಖಾಲಿ. ಕ್ಲಾಸ್ ಏರಿದ ಮೊದಲ ಓಟಕ್ಕೆ ನಾನು ದುಡ್ಡು ಹಾಕಲ್ಲ, ಎರಡನೇ ಸಲ ನೋಡ್ತೀನಿ. ಉಲ್ಟಾ, ಮೇಲಿನ ಕ್ಲಾಸಲ್ಲಿ ಆರನೇದು ಏಳನೇದು ಅಂತ ಬಂದು ಬಂದು ರೇಟಿಂಗ್ ಇಳಿದು ಈಗ ಕೆಳಗಿನ ಕ್ಲಾಸಿಗೆ ಟಾಪ್ ವೇಯ್ಟ್ ಆಗಿ ಬಂದಿರೋ ಕುದುರೆ ಇರುತ್ತಲ್ಲ, "ಅಯ್ಯೋ ಅಷ್ಟು ಭಾರ" ಅಂತ ಜನ ಬಿಡ್ತಾರೆ, ನಾನು ಅದಕ್ಕೇ ಕೆಂಪು ಪೆನ್ಸಿಲಲ್ಲಿ ಸುತ್ತು ಹಾಕೋದು.

ದೂರ, ನೆಲ, ಬೆಳಗಿನ ಓಟ

1200ರ ರಾಜ 1600ರಲ್ಲಿ ಭಿಕ್ಷುಕ ಆಗಬಹುದು, ಆ ದೂರ ಹಿಂದೆ ಓಡಿದೆಯಾ ನೋಡಿ, ಅಷ್ಟೇ.

ನೆಲದ ವಿಷಯ ಬೆಂಗಳೂರಿನ ಸಮ್ಮರ್ ಸೀಸನ್‌ಗೂ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮೈಸೂರು ರೇಸಿಗೂ ಬಹಳ ಮುಖ್ಯ, ಮಳೆಗಾಲ. ಪೆನೆಟ್ರೋಮೀಟರ್ ರೀಡಿಂಗ್ ಅಂತ ಹಾಕಿರ್ತಾರೆ, ನಂಬರ್ ಕಮ್ಮಿ ಇದ್ರೆ ನೆಲ ಗಟ್ಟಿ, ಜಾಸ್ತಿ ಆದ್ರೆ ಮೆತ್ತಗೆ. ಕೆಸರಲ್ಲಿ ಗೆದ್ದ ಕುದುರೆಯನ್ನ ಜನವರಿ ಗಟ್ಟಿ ನೆಲದಲ್ಲಿ ನಂಬ್ಕೊಂಡು ಹೋಗ್ಬೇಡಿ. ಚಾಮುಂಡಿ ಬೆಟ್ಟದ ಬುಡದಲ್ಲಿ ಹಾರಿದ್ದು ಇಲ್ಲಿ ಬಂದು ಕುಂಟಿದ್ದೂ ಇದೆ.

ಪೇಪರಲ್ಲಿ ಟ್ರ್ಯಾಕ್ ನೋಟ್ಸ್, ಅಂದ್ರೆ ಕುದುರೆಗಳ ಬೆಳಗಿನ ಅಭ್ಯಾಸದ ಓಟದ ವರದಿ, ಬರುತ್ತೆ, ಇನ್ನರ್ ಸ್ಯಾಂಡ್, ಔಟರ್ ಸ್ಯಾಂಡ್ ಅಂತ ಮರಳು ಟ್ರ್ಯಾಕ್ ಹೆಸರು ಹಾಕಿ. ಅದ್ರಲ್ಲಿ ಒಟ್ಟು ಟೈಮ್ ಬಿಟ್ಟು ಕೊನೇ 600 ಮೀಟರ್ ಟೈಮ್ ನೋಡಿ. ಬ್ರ್ಯಾಕೆಟಲ್ಲಿ ಜಾಕಿ ಹೆಸರಿನ ಬದಲು "ಆರ್‌ಬಿ" ಅಂತಿದ್ರೆ ರೈಡಿಂಗ್ ಬಾಯ್ ಅಂತ, ಅವನು ಜಾಕಿಗಿಂತ ತೂಕ ಇರಬಹುದು, ಅವನ ಕೈಲೂ ಒಳ್ಳೇ ಟೈಮ್ ಬಂದಿದ್ರೆ ಗಮನ ಇರಲಿ. "ಮೂವ್ಡ್ ಫ್ರೀಲಿ", "ಪ್ಲೀಸ್ಡ್" ಅಂತ ಬರೆಯೋದೆಲ್ಲಾ ಮದುವೆ ಮನೇಲಿ ಊಟ ಚೆನ್ನಾಗಿತ್ತು ಅಂದಂಗೆ, ಎಲ್ಲದಕ್ಕೂ ಅಂತಾರೆ. ಒಂದೇ ಕುದುರೆಯ ಮೂರು ವಾರದ ಟೈಮ್ ಸಾಲಾಗಿ ಬರೆದು ನೋಡಿ, ಇಳೀತಾ ಇದ್ರೆ ಕುದುರೆ ಏರ್ತಾ ಇದೆ.

ಜಾಕಿ ಕೊನೇಗೆ ನೋಡಿ, ಮೊದಲು ನೋಡ್ಬೇಡಿ. ಸೂರಜ್ ನರೇಡು ಕೂತ ಅಂದ ತಕ್ಷಣ ಆಡ್ಸ್, ಅಂದ್ರೆ ಗೆದ್ರೆ ಸಿಗೋ ದರ, ಅರ್ಧ ಆಗಿರುತ್ತೆ, ಅವನು ಒಳ್ಳೇ ಜಾಕಿ ಅಂತ ನಿಮ್ಮೊಬ್ರಿಗೇ ಗೊತ್ತಿರೋದಲ್ಲ. ನಂಗೆ ಆಸಕ್ತಿ ಇರೋದು ಬದಲಾವಣೇಲಿ: ಮೂರು ಸಲ ಅಪ್ರೆಂಟಿಸ್ ಹುಡುಗ ಕೂತಿದ್ದ ಕುದುರೆಗೆ ಇವತ್ತು ದೊಡ್ಡ ಜಾಕಿ ಬಂದ, ಸ್ಟೀಲ್ ಲಾಳ ತೆಗೆದು ಅಲ್ಯೂಮಿನಿಯಂ ಹಾಕಿದಾರೆ, ಮೊದಲ ಸಲ ಬ್ಲಿಂಕರ್ಸ್ (ಅಕ್ಕಪಕ್ಕ ನೋಡದಂಗೆ ಕಣ್ಣಿಗೆ ಹಾಕೋ ಮರೆ) ಕಟ್ಟಿದಾರೆ. ಮೂರೂ ಒಟ್ಟಿಗೆ ಬಂದ್ರೆ ಟ್ರೈನರ್ ಇವತ್ತು ಗೆಲ್ಲೋಕೇ ಬಂದಿದಾನೆ.

ಟಿಪ್ಸ್ ಗ್ರೂಪ್ ವಿಷಯ ಇಲ್ಲೇ ಹೇಳ್ಬಿಡ್ತೀನಿ. ಐನೂರು ರೂಪಾಯಿ ಕೊಡಿ ಶ್ಯೂರ್ ಶಾಟ್ ಕೊಡ್ತೀವಿ ಅನ್ನೋ ಗ್ರೂಪ್‌ಗೆ ಒಂದು ಸಲ ನಾನೂ ನನ್ನ ಭಾಮೈದನೂ ಬೇರೆ ಬೇರೆ ನಂಬರಿಂದ ಸೇರಿದ್ವಿ. ಅದೇ ರೇಸಿಗೆ ನಂಗೆ ಒಂದು ಕುದುರೆ, ಅವನಿಗೆ ಇನ್ನೊಂದು ಕುದುರೆ ಬಂತು. ಹಿಂಗೆ ಹತ್ತು ಜನಕ್ಕೆ ಹತ್ತು ಕುದುರೆ ಹಂಚಿದ್ರೆ ಒಬ್ಬನಿಗಾದ್ರೂ ಗೆಲ್ಲುತ್ತೆ, ಅವನ ಸ್ಕ್ರೀನ್‌ಶಾಟ್ ಮಾರನೇ ದಿನ ಗ್ರೂಪಲ್ಲಿ ಓಡುತ್ತೆ.

ಬೆಲೆ ನೋಡದೆ ಕುದುರೆ ನೋಡ್ಬೇಡಿ

ಉಳಿದ ಎರಡು ಮೂರು ಕುದುರೆಗೆ ನಿಮ್ಮದೇ ಬೆಲೆ, ಅಂದ್ರೆ ಇಷ್ಟು ಆಡ್ಸ್ ಸಿಕ್ರೆ ಸರಿ ಅನ್ನೋ ಲೆಕ್ಕ, ರಾತ್ರಿನೇ ಬರ್ದಿಡಿ. ಇದು ನಾಲ್ಕು ಸಲಕ್ಕೆ ಒಂದು ಸಲ ಗೆಲ್ಲುತ್ತೆ ಅನ್ಸಿದ್ರೆ ನಿಮಗೆ ತ್ರೀ ಟು ಒನ್ (ಒಂದು ರೂಪಾಯಿಗೆ ಮೂರು ರೂಪಾಯಿ ಲಾಭ) ಸಿಕ್ರೆ ಬಡ್ಡಿ ಇಲ್ಲ ನಷ್ಟ ಇಲ್ಲ, ಅದಕ್ಕಿಂತ ಮೇಲೆ ಸಿಕ್ರೆ ಮಾತ್ರ ಕೈ ಹಾಕಿ. ಅದೂ ತೆರಿಗೆ ಬಿಟ್ಟು. 2023ರ ಅಕ್ಟೋಬರ್‌ನಿಂದ ಕಟ್ಟೋ ಹಣದ ಪೂರ್ತಿ ಮೊತ್ತದ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು 40 ಆಗಿದೆ. ಗೆಲುವು ಹತ್ತು ಸಾವಿರ ದಾಟಿದ್ರೆ 30 ಪರ್ಸೆಂಟ್ ಟಿಡಿಎಸ್ ಬೇರೆ. ಹಿಂಗಿರೋವಾಗ ಈವನ್ ಮನಿ, ಅಂದ್ರೆ ಕಟ್ಟಿದಷ್ಟೇ ಲಾಭ ಕೊಡೋ, ಫ್ಯಾವರಿಟ್‌ಗೆ ಕಟ್ಟೋದು ಕುದುರೆ ಬಾಲಕ್ಕೆ ದುಡ್ಡು ಕಟ್ಟೋದೇ ಸೈ. ತೆರಿಗೆ ತಪ್ಪಿಸೋಕೆ ಹೊರಗಡೆ ಯಾರೋ ಫೋನಲ್ಲಿ ಬರ್ಕೊಳ್ಳೋನ ಹತ್ರ ಹೋಗ್ತೀನಿ ಅನ್ನೋರಿಗೆ ಒಂದೇ ಮಾತು, ಅದು ಕಾನೂನಿಗೆ ವಿರುದ್ಧ, ಗೆದ್ದ ದಿನ ಅವನ ಫೋನ್ ಸ್ವಿಚ್ ಆಫ್ ಇರುತ್ತೆ. ಜಾಕ್‌ಪಾಟ್ (ಸಾಲಾಗಿ ಹಲವು ರೇಸಲ್ಲಿ ಗೆಲ್ಲೋದನ್ನ ಊಹಿಸೋ ಬಾಜಿ) ನಾನು ಆಡಲ್ಲ, ಆಡ್ಬೇಡಿ. ವಿನ್ (ಕುದುರೆ ಮೊದಲನೇದೇ ಬರಬೇಕು), ಇಲ್ಲಾಂದ್ರೆ ಪ್ಲೇಸ್ (ಮೊದಲ ಎರಡು ಮೂರರಲ್ಲಿ ಬಂದ್ರೂ ಸಾಕು). ಮನೆಯಿಂದ ಹೊರಡೋವಾಗ ಕಳ್ಕೊಂಡ್ರೂ ಪರವಾಗಿಲ್ಲ ಅನ್ನೋ ದುಡ್ಡು ಜೇಬಲ್ಲಿ, ಎಟಿಎಂ ಕಾರ್ಡು ಮನೇಲಿ.

ಕೋರ್ಸಿಗೆ ಹೋದ್ಮೇಲೆ ರೇಸಿಗೆ ಮುಂಚೆ ಕುದುರೆಗಳನ್ನ ನಡೆಸಿ ತೋರಿಸೋ ಪ್ಯಾಡಾಕ್ ಹತ್ರ ಹೋಗಿ ಐದು ನಿಮಿಷ ನಿಂತ್ಕೊಳ್ಳಿ. ಮೈ ಮಿರುಗ್ತಿರಬೇಕು, ನಡಿಗೆ ಸಡಿಲವಾಗಿ ಉದ್ದುದ್ದ ಇರಬೇಕು. ಹಿಂಗಾಲಿನ ಮಧ್ಯೆ ಸೋಪಿನ ನೊರೆ ತರ ಬೆವರು ಬಂದು, ಅದನ್ನ ಹಿಡಿದು ನಡೆಸೋ ಸೈಸ್‌ನ ಕೈಯಿಂದ ಕಿತ್ಕೊಂಡು ಹಾರಾಡ್ತಿದ್ರೆ ಅದು ತನ್ನ ರೇಸನ್ನ ಅಲ್ಲೇ ಓಡಿ ಮುಗಿಸ್ತಾ ಇದೆ, ರಾತ್ರಿ ಎಷ್ಟೇ ಲೆಕ್ಕ ಹಾಕಿದ್ರೂ ಹೊಡೆದುಹಾಕಿ. ನೋಡೋಕೆ ಚೆಂದ ಇದೆ ಅಂತ ಬುಕ್ಕಲ್ಲಿ ಆಗಲೇ ಹೊಡೆದುಹಾಕಿದ್ದನ್ನ ವಾಪಸ್ ತರೋದು ಮಾತ್ರ ಮಾಡ್ಬೇಡಿ, ಪ್ಯಾಡಾಕ್‌ನಲ್ಲಿ ಮನಸ್ಸು ಕರಗಿದವ್ರು ಬಹಳ ಜನ.

ರೇಸ್ ಮುಗಿದ್ಮೇಲೆ ಬುಕ್ಕನ್ನ ಸ್ಟ್ಯಾಂಡಲ್ಲೇ ಬಿಸಾಕಿ ಬರೋರೇ ಜಾಸ್ತಿ, ಸಂಜೆ ಗುಡಿಸೋರು ಮೂಟೆಗಟ್ಟಲೆ ತುಂಬ್ತಾರೆ. ನಿಮ್ಮದು ಮನೆಗೆ ತನ್ನಿ. ರೇಸ್ ಮೇಲೆ ನಿಗಾ ಇಡೋ ಸ್ಟೀವರ್ಡ್ಸ್ ರಿಪೋರ್ಟ್ ಬಂದಾಗ ಯಾವ್ದು ಗೇಟಲ್ಲಿ ಎಡವ್ತು, ಯಾವ್ದಕ್ಕೆ ಅಡ್ಡ ಬಂದ್ರು ಅಂತ ಅದೇ ಪೇಜಲ್ಲಿ ನೀಲಿ ಪೆನ್ಸಿಲಲ್ಲಿ ಬರ್ಕೊಂಡು, ರಬ್ಬರ್ ಬ್ಯಾಂಡ್ ಹಾಕಿಡಿ. ಮೂರು ವಾರ ಬಿಟ್ಟು ಅದೇ ಕುದುರೆ 1400ಕ್ಕೆ ಬಂದಾಗ ಶುಕ್ರವಾರ ರಾತ್ರಿ ಅದನ್ನ ತೆಗೀಬೇಕಾಗುತ್ತೆ.